ಏಳು ಸೆಕೆಂಡು ಸುಮ್ಮನಿರುವುದು

ನಾನೀಗಿರುವ ಸ್ಯಾಲಿಸ್‌ಬರಿಯ ಚಳಿಗೆ ಮೊಸರು ಹೆಪ್ಪಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗುತ್ತದೆ, ಆದರೆ ತನ್ನದೇ ಗತ್ತಿನಲ್ಲಿ. ಬೆಳಿಗ್ಗೆಯೇ ಹೆಪ್ಪು ಹಾಕಿ, ಪಾತ್ರೆಯನ್ನು ಅವನ್‌ನೊಳಗಿಟ್ಟು, ಕಾವು ಹಚ್ಚದೆ ಒಳಗಿನ ದೀಪವೊಂದನ್ನೇ ಉರಿಸಿಟ್ಟಿದ್ದೆ. ಮಧ್ಯಾಹ್ನ ಆಯಿತೇನೋ ನೋಡೋಣವೆಂದು ಬಾಗಿಲಿಗೆ ಕೈ ಹಾಕಿದವನು ಹಾಗೇ ಹಿಂದಕ್ಕೆಳೆದುಕೊಂಡೆ. ಅವನ್ ಬಾಗಿಲು ಮುಟ್ಟಿದಾಗಲೆಲ್ಲ ಲಲಿತಮ್ಮನವರು ಬೈದ ಹಾಗಾಗುತ್ತದೆ. ಅವರು ಬೈದು ಹತ್ತಿರ ಹತ್ತಿರ ಏಳೆಂಟು ವರ್ಷವಾಯಿತು.

ಆಗ ನಾನು ಪರ್ತ್‌ನಲ್ಲಿದ್ದೆ. ಗಣಿ ಕಂಪನಿಯ ಕಚೇರಿಯಲ್ಲಿ ಭೂವಿಜ್ಞಾನಿಯ ಕೆಲಸ. ಅಲ್ಲಿನ ನಮ್ಮ ಬಾಸ್, ಅಮೆರಿಕದವನು, ಬಿಡುವಿನಲ್ಲಿ ನಮಗೊಂದು ಆಟ ಹಚ್ಚಿದ. ಅವರ ದೇಶದ ಫುಟ್ಬಾಲಿನ ಸಾಧು ರೂಪ ಅದು. ಯಾರೂ ಯಾರನ್ನೂ ಕೆಡವುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಪಟ್ಟಿಯನ್ನು ಕಿತ್ತರೆ ಕೆಡವಿದ ಲೆಕ್ಕ. ನಡುವೆ ನಿಂತು ಚೆಂಡೆಸೆಯುವವರು ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಏಳು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಿ ಎಸೆದುಬಿಡಬೇಕು. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟು ಬಿಟ್ಟು ಮುಖ ತೋರಿಸಲಾಗದ ನಾವೊಂದಿಷ್ಟು ಕನ್ನಡದವರು ಸೇರಿ ತಂಡ ಕಟ್ಟಿಬಿಟ್ಟೆವು. ಆಡುತ್ತಿದ್ದ ಬಡಾವಣೆಯ ಹೆಸರು ಹಿಡಿದು ಬೆಂಟ್ಲಿ ಹುಲಿಗಳು ಎಂದಿಟ್ಟೆವು. ಹೊಟ್ಟೆಗಳನ್ನು ನೋಡಿದವರು ಬೇರೆ ಪ್ರಾಣಿಯ ಹೆಸರು ಸೂಚಿಸಿದ್ದುಂಟು. ನಾನು ಕ್ಯಾಪ್ಟನ್, ಓಡಿದ್ದಕ್ಕಲ್ಲ, ಮೈದಾನ ಕಾದಿರಿಸಲು ಫೋನ್ ಮಾಡುತ್ತಿದ್ದುದಕ್ಕೆ.

ಚೆಂಡೆಸೆಯುವ ತೋಳು ನಮ್ಮಲ್ಲಿದ್ದುದು ಪ್ರಕಾಶನಿಗೊಬ್ಬನಿಗೇ. ಆದರೆ ಅವನು ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮೂರು ವಾರಕ್ಕೊಮ್ಮೆ ಉದಯಿಸುವ ಕ್ವಾರ್ಟರ್‌ಬ್ಯಾಕನ್ನು ನಂಬಿ ತಂಡ ನಡೆಸುವುದು ಹೇಗೆ? ಹಾಗಾಗಿ ಆ ಜಾಗಕ್ಕೆ ಅದಿತಿ ಬಂದಳು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿ, ಅಲ್ಲೇ ಹುಟ್ಟಿದವಳು. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂವತ್ತನಾಲ್ಕರ ನನ್ನನ್ನು ಮೊದಲ ದಿನವೇ ಅಂಕಲ್ ಎಂದಳು. ಆ ಗಾಯ ಇನ್ನೂ ಮಾಗಿಲ್ಲ.

ಅವಳು ಬಂದ ಮೇಲೆ ಸಾಲಾಗಿ ನಾಲ್ಕು ಪಂದ್ಯ ಸೋತೆವು. ಚೆಂಡು ಹಿಡಿದು ಅತ್ತ ನೋಡುವಳು, ಇತ್ತ ನೋಡುವಳು, ಅಷ್ಟರಲ್ಲಿ ಏಳು ಸೆಕೆಂಡು ಮುಗಿದಿರುತ್ತಿತ್ತು. ಎಸೆದದ್ದನ್ನಾದರೂ ನಾವು ಹಿಡಿದೆವೇ ಎಂದು ಕೇಳಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಅದಿತಿ ಡೊಂಕು ಎಂದೆವು. ನಾಲ್ಕನೆಯ ಸೋಲಿನ ನಂತರ ಬಾರ್ಬೆಕ್ಯೂ ಒಲೆಯ ಮೇಲೆ ಪನೀರು ತಿರುವಿ ಹಾಕುತ್ತ, ಆ ಸಂಜೆಯಷ್ಟೇ ಗಣಿಯಿಂದ ಬಂದಿದ್ದ ಪ್ರಕಾಶ ಶುರುಮಾಡಿದ.

"ಗುರೂ, ಹುಡುಗಿ ಒಳ್ಳೇವ್ಳೇ. ಆದ್ರೆ ಎಷ್ಟು ದಿನ ಅಂತ ಕಾಯೋದು? ಮುಂದಿನ ವಾರ ನಾನಿರ್ತೀನಿ, ನಾನೇ ಆಡ್ತೀನಿ. ನೀನು ಕ್ಯಾಪ್ಟನ್ನು, ಹೋಗಿ ಹೇಳ್ಬಿಡು."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನನಗೆ ಬಹುಮತದೆದುರು ಸದಾ ಕುತ್ತಿಗೆ ಸಡಿಲ.

ಮಾರನೆಯ ದಿನ ಕ್ಯಾನಿಂಗ್ಟನ್‌ನಲ್ಲಿದ್ದ ಅವಳ ಮನೆಗೆ ಹೋದೆ. ಮೈಸೂರಿನಿಂದ ಬಂದಿದ್ದ ಅವಳಜ್ಜಿ ಲಲಿತಮ್ಮನವರು ಬಾಗಿಲು ತೆಗೆದರು. ಪ್ರತಿ ಪಂದ್ಯಕ್ಕೂ ಮಡಚುವ ಕುರ್ಚಿ ತಂದು, ಶಾಲು ಹೊದ್ದು, ಒಂದು ಮಾತೂ ಆಡದೆ ಕೂತು ನೋಡುತ್ತಿದ್ದವರು. ಅದಿತಿ ಅಂಗಡಿಯ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಅಲ್ಲಿ ಬಟ್ಟೆ ಒಣಹಾಕುವ, ಗಾಳಿಗೆ ಗಿರಗಿರನೆ ಸುತ್ತುವ ಕಂಬ. ಬಟ್ಟೆಯ ಬದಲು ಅದಕ್ಕೊಂದು ಬಕೆಟ್ ಕಟ್ಟಿತ್ತು.

"ಅದೇನಮ್ಮಾ ಬಕೆಟ್ಟು?"

"ನಮ್ಮ ಅದಿತೀದು. ದಿನಾ ಬೆಳಿಗ್ಗೆ ಅದು ತಿರುಗ್ತಾ ಇದ್ದ ಹಾಗೇ ಅದರೊಳಕ್ಕೆ ಚೆಂಡು ಎಸೀತಾಳೆ. ನೂರಕ್ಕೆ ಅರವತ್ತು ಬೀಳುತ್ತೆ. ಚೆಂಡು ಆಯ್ದುಕೊಡೋದು ನಾನೇ."

ಅಂಥವಳನ್ನು ಬಿಡಿಸಲು ಬಂದವನು ನಾನು. ಕೈಗೆ ಏನಾದರೂ ಕೆಲಸ ಬೇಕಲ್ಲ, ದೀಪ ಉರಿಯುತ್ತಿದ್ದ ಅವನ್ ಬಾಗಿಲು ತೆಗೆದು, ಒಳಗಿದ್ದ ಪಾತ್ರೆಯ ಮುಚ್ಚಳವೆತ್ತಿ, ಸ್ವಲ್ಪ ವಾಲಿಸಿ ನೋಡಿದೆ.

"ಅಯ್ಯೋ, ಅಲ್ಲಾಡಿಸಬೇಡ್ವೋ ಮಾರಾಯ! ಗಳಿಗೆಗೊಂದ್ಸಲ ಮುಚ್ಚಳ ತೆಗೆದ್ರೆ ಅದು ಮೊಸರಾಗೋದು ಯಾವಾಗ?" ಎಂದು ಗದರಿ, ಪಾತ್ರೆ ಕಿತ್ತುಕೊಂಡು ಒಳಗಿಟ್ಟು, ನನ್ನತ್ತ ತಿರುಗಿದರು. "ಮೈದಾನದಲ್ಲೂ ನೀವು ಮಾಡೋದು ಇದೇ. ಒಬ್ಬ ಬಲಕ್ಕೆ ಹಾಕು ಅಂತಾನೆ, ಒಬ್ಬ ಎಡಕ್ಕೆ ಅಂತಾನೆ, ಇನ್ನೊಬ್ಬ ಬೇಗ ಬೇಗ ಅಂತಾನೆ. ಪಾಪ, ಮಗು ಯಾರ ಮಾತು ಕೇಳ್ಬೇಕು?"

ನಿಜವಾಗಿತ್ತು. ಎದುರಾಳಿಗಳಿಗೆ ತಿಳಿಯದಿರಲೆಂದು ನಾವು ಗುಟ್ಟನ್ನೆಲ್ಲ ಕನ್ನಡದಲ್ಲೇ ಕೂಗುತ್ತಿದ್ದೆವು. ಅದೇ ನಮ್ಮ ಬ್ರಹ್ಮಾಸ್ತ್ರ ಎಂದು ಬೀಗುತ್ತಿದ್ದೆವು. ಅದು ತಗುಲುತ್ತಿದ್ದುದು ಮಾತ್ರ ಅದಿತಿಗೆ. ಮದುವೆಮನೆಯಲ್ಲಿ ಬಡಿಸುವವನಿಗೂ ಸಲಹೆ ಕೊಡುವ ಜಾತಿ ನಮ್ಮದು, ಚೆಂಡೆಸೆಯುವವಳನ್ನು ಬಿಟ್ಟೇವೇ?

ಅಷ್ಟರಲ್ಲಿ ಅದಿತಿ ಬಂದಳು. ನನ್ನ ಮುಖ ನೋಡಿದ್ದೇ ಅವಳಿಗೆ ವಿಷಯ ತಿಳಿದುಹೋಯಿತು. ಕಣ್ಣು ಕೆಂಪಾಯಿತು, ಆದರೆ ಅಳಲಿಲ್ಲ.

"ಒನ್ ಗೇಮ್, ಅಂಕಲ್. ಆದ್ರೆ ನೋಬಡಿ ಶೌಟ್ಸ್. ಸೋತರೆ ಐ ವಿಲ್ ಗೋ."

ಇಂಗ್ಲಿಷಿನ ನಡುವೆ ನುಸುಳಿದ ಆ ಎರಡು ಕನ್ನಡದ ಮಾತು ನನ್ನನ್ನು ಕರಗಿಸಿಬಿಟ್ಟವು. ಆಗಲಿ ಎಂದೆ. ಪ್ರಕಾಶನಿಗೆ ಏನು ಹೇಳಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆದರಿದೆ.

ಆ ಶನಿವಾರ ಹುಲಿಗಳು ಬಾಯಿ ಮುಚ್ಚಿಕೊಂಡು ಆಡಿದ ಚಂದ ನೀವು ನೋಡಬೇಕಿತ್ತು. ಗೆರೆಯಾಚೆ ಕೂತ ಪ್ರಕಾಶ ಕೂಗು ಬಂದಾಗಲೆಲ್ಲ ಬಾಯಿಗೆ ಬನ್ನು ತುರುಕಿಕೊಳ್ಳುತ್ತಿದ್ದ. ಮೊದಲರ್ಧ ಮುಗಿಯುವಷ್ಟರಲ್ಲಿ ಇಡೀ ಪೊಟ್ಟಣ ಖಾಲಿ. ಅದಿತಿ ಮಾತ್ರ ಬೇರೆಯೇ ಹುಡುಗಿ. ನಿಂತು, ನೋಡಿ, ಐದನೆಯ ಸೆಕೆಂಡಿಗೆ ಎಸೆಯುವಳು. ಒಂದಾದ ಮೇಲೊಂದು ಅಂಕ ಬಂತು. ಕೊನೆಯ ಗಳಿಗೆಯಲ್ಲಿ ಒಂದೇ ಒಂದು ಎಸೆತ ಉಳಿದಿತ್ತು, ಹಿಡಿದರೆ ಗೆಲುವು. ನನ್ನ ಸುತ್ತ ಯಾರೂ ಇರಲಿಲ್ಲ, ಏಕೆಂದರೆ ನನ್ನನ್ನು ಕಾಯುವ ಅಗತ್ಯ ಎದುರಾಳಿಗಳಿಗೆ ಎಂದೂ ಕಂಡಿರಲಿಲ್ಲ. ಆರನೆಯ ಸೆಕೆಂಡಿನಲ್ಲಿ ಅವಳೆಸೆದ ಚೆಂಡು ಮಗುವನ್ನು ಕೈಗೆ ಕೊಟ್ಟಷ್ಟು ಮೆತ್ತಗೆ ನನ್ನ ಎದೆಗೇ ಬಂತು.

ಬಿಟ್ಟುಬಿಟ್ಟೆ.

ಯಾರೂ ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು. ಹುಲ್ಲಿನ ಮೇಲೆ ಮುಖ ಮುಚ್ಚಿ ಕೂತಿದ್ದವನ ಬಳಿ ಅದಿತಿ ಬಂದು ಭುಜ ತಟ್ಟಿದಳು. ಮೊಟ್ಟಮೊದಲ ಬಾರಿಗೆ ಪೂರಾ ಕನ್ನಡದಲ್ಲಿ, ಪದಪದ ಜೋಡಿಸಿಕೊಂಡು ಹೇಳಿದಳು: "ಪರ್ವಾಗಿಲ್ಲ ಅಂಕಲ್. ನಿಮಗೋಸ್ಕರ ನಾವು ಕಾಯ್ತೀವಿ."

ಸೋತರೆ ಹೋಗುತ್ತೇನೆಂದಿದ್ದವಳನ್ನು ಕಳಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಪ್ರಕಾಶನೇ ಹೋಗಿ ಅವಳ ಚೀಲ ಹೊತ್ತುಕೊಂಡ. ಈಗವಳು ಬ್ರಿಸ್ಬೇನ್‌ನಲ್ಲಿದ್ದಾಳೆ, ಶನಿವಾರಗಳಲ್ಲಿ ಚಿಕ್ಕಮಕ್ಕಳಿಗೆ ಇದೇ ಆಟ ಕಲಿಸುತ್ತಾಳೆ. ಅಪ್ಪ ಅಮ್ಮಂದಿರು ಗೆರೆಯ ಬಳಿ ಬಾಯಿ ತೆಗೆಯುವಂತಿಲ್ಲ ಎಂಬುದು ಅವಳ ಮೊದಲ ನಿಯಮವಂತೆ.

ಇಷ್ಟು ನೆನೆಯುತ್ತ ಅವನ್ ಮುಂದೆಯೇ ನಿಂತಿದ್ದೆ. ಮುಂದಿನ ಕೋಣೆಯಲ್ಲಿ ನನ್ನ ಆರು ವರ್ಷದ ಮಗ ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿದ್ದ. ಪ್ರತಿ ಭಾನುವಾರ ಅವನು ಊರಿನ ಅಜ್ಜಿಯ ಜೊತೆ ಮಾತಾಡುವುದು, ಅವನು ತಡವರಿಸಿದಲ್ಲೆಲ್ಲ ನಾನು ಇಲ್ಲಿಂದಲೇ ಕನ್ನಡ ಪದ ಎಸೆಯುವುದು, ಅವನು ಸಿಡುಕಿ ಇಂಗ್ಲಿಷಿಗೆ ಹಾರುವುದು ನಮ್ಮನೆಯ ವಾಡಿಕೆ.

"ಅಜ್ಜೀ, ಇವತ್ತು ಅಪ್ಪ..." ಎಂದು ನಿಂತ. ನಾಲಿಗೆಯ ತುದಿಗೆ ಬಂದ ಪದವನ್ನು ನುಂಗಿ ಎಣಿಸಿದೆ. ಒಂದು, ಎರಡು, ಮೂರು. ಅಜ್ಜಿಯೂ ಆ ತುದಿಯಲ್ಲಿ ಸುಮ್ಮನಿದ್ದರು. ನಾಲ್ಕು, ಐದು. ಪಕ್ಕದಲ್ಲೊಂದು ಬನ್ನಾದರೂ ಇರಬಾರದಿತ್ತೇ ಎನ್ನಿಸಿತು. ಆರು.

"...ಅಪ್ಪ ಮೊಸರಿಗೆ ಕಾಯ್ತಾ ಇದ್ದಾರೆ," ಎಂದ ಮಗ.