ಹೊಡೆದ ಮೇಲೆ ರೆಫರಿಯ ಮುಖ ನೋಡುವ ಚಟ

ಶಹಾಬಾದಿನ ಕಿಕ್‌ಬಾಕ್ಸಿಂಗ್ ಕ್ಲಾಸಿನಲ್ಲಿ ನಾಲ್ಕು ವರ್ಷಕ್ಕೆ ನಾನು ಕಲಿತದ್ದು ಎರಡು. ಒಂದು, ಎದುರಾಳಿಯ ಕಿವಿಯ ಮಟ್ಟಕ್ಕೆ ಕಾಲೆತ್ತಿ ಒದೆಯುವುದು. ಇನ್ನೊಂದು, ಒದ್ದ ಕೂಡಲೇ ನಿಂತು ರೆಫರಿಯ ಮುಖ ನೋಡುವುದು. ಮೊದಲನೆಯದನ್ನು ಸರ್ ಕಲಿಸಿದ್ದರು. ಎರಡನೆಯದನ್ನು ಯಾರೂ ಕಲಿಸಿರಲಿಲ್ಲ, ನಾವು ಆಡುತ್ತಿದ್ದ ಆಟವೇ ಹಾಗಿತ್ತು. ಏಟು ಬಿತ್ತೆಂದರೆ ರೆಫರಿ ಕೈ ಅಡ್ಡ ಹಿಡಿಯುವರು, ಇಬ್ಬರೂ ಹಿಂದೆ ಸರಿಯಬೇಕು, ಅಂಕ ಯಾರಿಗೆಂದು ಅವರು ಹೇಳಬೇಕು, ಆಮೇಲೆ ಮತ್ತೆ ಶುರು.

ಕ್ಲಾಸು ನಡೆಯುತ್ತಿದ್ದದ್ದು ಪರ್ಸಿ ಕಲ್ಲು ಹಾಸಿದ ಹಳೆಯ ಗೋದಾಮಿನಲ್ಲಿ. ಶಹಾಬಾದಿನಲ್ಲಿ ನೆಲಕ್ಕೆ ಇನ್ನೇನು ಹಾಸುತ್ತಾರೆ? ವರ್ಷಾನುಗಟ್ಟಲೆ ಬರಿಗಾಲು ಉಜ್ಜಿ ಆ ಕಲ್ಲು ಎಷ್ಟು ನುಣುಪಾಗಿತ್ತೆಂದರೆ, ನೆಲದ ಮೇಲಿನ ಕಾಲು ತಾನಾಗಿ ತಿರುಗುತ್ತಿತ್ತು, ಇನ್ನೊಂದು ಕಾಲು ತಾನಾಗಿ ಮೇಲೇರುತ್ತಿತ್ತು. ನಮ್ಮ ಕಿಕ್ಕಿನ ಎತ್ತರಕ್ಕೆ ಅರ್ಧ ಕಾರಣ ಸರ್, ಅರ್ಧ ಕಾರಣ ಪರ್ಸಿ ಎಂದು ಒಮ್ಮೆ ಅಂದಿದ್ದಕ್ಕೆ ಐವತ್ತು ಬೈಠಕ್ ಹೊಡೆದಿದ್ದೇನೆ. ಬೈಠಕ್ಕಿನಿಂದ ನನ್ನ ವಾದ ಸುಳ್ಳಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ನಾನು ಚಿತ್ತಾಪುರದ ಮಾಸ್ತರರ ಮಗ. ಸೇಡಂ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಢಾಲುಗಳನ್ನು ಅಮ್ಮ ದೇವರ ಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದಳು. ಡಿಗ್ರಿ ಮುಗಿದರೆ ಬಿ.ಎಡ್., ಅದು ನಾನು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಆ ವರ್ಷ ಸೇಡಮ್ಮಿನಲ್ಲಿ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಆಯ್ಕೆ ಇಟ್ಟರು. ಗೆದ್ದವರಿಗೆ ಹೈದರಾಬಾದಿನಲ್ಲಿ ಆಡುವ ಅವಕಾಶ, ತೂಕದ ವಿಭಾಗಕ್ಕೊಬ್ಬರಂತೆ. ಎರಡು ವಾರ ವಾದಿಸಿ ಅಪ್ಪನಿಂದ ಒಂದು ಮಾತು ಪಡೆದೆ: ಆಯ್ಕೆಯಾದರೆ ಒಂದು ವರ್ಷ ಬಿ.ಎಡ್. ಹೆಸರೆತ್ತುವುದಿಲ್ಲ. ಆಗದಿದ್ದರೆ ನಾನು ಬಾಯೆತ್ತುವುದಿಲ್ಲ. ಒಂದು ಇಡೀ ವರ್ಷ ಆ ಒಂದು ಆಟದ ಮೇಲೆ ನಿಂತಿತ್ತು.

ಮೊಬೈಲುಗಳಿಗೆ ಇನ್ನೂ ಬಟನ್ನುಗಳಿದ್ದ ಕಾಲ. ವಾಡಿಯ ಸೈಬರ್ ಕೆಫೆಯಲ್ಲಿ ಕೂತು, ನಿಂತು ನಿಂತು ಓಡುವ ವಿಡಿಯೋಗಳಲ್ಲಿ ಆ ಆಟವನ್ನು ನೋಡಿದೆ. ಅಲ್ಲಿ ಒದೆಯಬಹುದು, ಗುದ್ದಬಹುದು, ಹಿಡಿದು ಕೆಡವಬಹುದು, ಬಿದ್ದ ಮೇಲೂ ಬಿಡಬೇಕಾಗಿಲ್ಲ. ನಮ್ಮಂತೆ ಎದೆ ಸೆಟೆಸಿ ಮೇಲೆ ಕಾಲೆತ್ತಿದವರನ್ನೆಲ್ಲ ಕಾಲು ಹಿಡಿದು ನೆಲಕ್ಕೆ ಒಗೆಯುತ್ತಿದ್ದರು. ಸರ್‌ಗೆ ಹೇಳಿದೆ. ಕಿಕ್ ಅಂದ್ರ ಕಿಕ್ಕೇ, ಆಟ ಯಾವುದಾದರೇನು ಎಂದರು.

ಅದಕ್ಕೇ ಚಿತ್ತಾಪುರದ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋದದ್ದು. ಅಲ್ಲೊಬ್ಬ ಪೈಲ್ವಾನನಿದ್ದ, ಕಾಗಿಣಾ ಹೊಳೆ ದಂಡೆಯ ಹಳ್ಳಿಯವನು, ಹಗಲೆಲ್ಲ ಪರ್ಸಿ ಪಾಲಿಶ್ ಮಷೀನಿನ ಮೇಲೆ ಕೆಲಸ. ನನ್ನನ್ನು ಕರೆಯುತ್ತಿದ್ದದ್ದು ಆಚಾರಿ ಅಂತ. ನಾನು ಅವನಿಗೆ ಅಣ್ಣಾ ಅನ್ನುತ್ತಿದ್ದೆ. ತಾಲೀಮಿನ ಕುಸ್ತಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ್ದರು. ಆ ಮಣ್ಣಿನಲ್ಲಿ ನನ್ನ ಮೊದಲ ಎತ್ತರದ ಕಿಕ್ ಎದ್ದಿತು, ಆದರೆ ನೆಲದ ಕಾಲು ತಿರುಗಲೇ ಇಲ್ಲ, ಹೂತುಕೊಂಡಿತು. ಅವನು ಕಾಲು ಹಿಡಿದು, ಹೊಲದ ಕಟ್ಟಿಗೆ ತೆಗೆದಿಡುವಂತೆ ನನ್ನನ್ನು ಪಕ್ಕಕ್ಕಿಟ್ಟ. ಮೂರು ಸಲ. ಮನೆಗೆ ಹೋದರೆ ಅಮ್ಮ, ಮಜ್ಜಿಗೆ ಹುಳಿಯ ವಾಸನೆ ಬರುತ್ತಿದೆ, ಯಾರ ಮನೆಯಲ್ಲಿ ಉಂಡು ಬಂದೆ ಎಂದು ವಿಚಾರಣೆಗೆ ನಿಂತಳು.

ಸರ್‌ಗೆ ಮತ್ತೆ ಹೇಳಿದೆ.

"ಕಾಲು ಹಿಡದಾನಂದ್ರ ನೀ ಮೆಲ್ಲಕ ಒದ್ದೀದಿ. ಜಲ್ದಿ ಒದ್ದಿದ್ರ ಹಿಡೀತಿದ್ನೇನು?"

"ಹಂಗಾದ್ರ ಜಲ್ದಿ ಬಂದ ಚೆಂಡು ಯಾರೂ ಕ್ಯಾಚ್ ಹಿಡಿಯಂಗಿಲ್ಲೇನ್ರಿ ಸರ್?"

ಮತ್ತೆ ಐವತ್ತು. ಬೈಠಕ್ ಹೊಡೆಯುತ್ತಲೇ ಉಳಿದದ್ದನ್ನು ನನಗೆ ನಾನೇ ವಾದಿಸಿಕೊಂಡೆ. ಮೊಣಕಾಲು ಬಗ್ಗಿಸಿ ಅಗಲವಾಗಿ ನಿಲ್ಲಬೇಕು. ಬರೀ ಕಿಕ್ ಬಿಡಬಾರದು, ಮೊದಲು ಕೈ ಹೋಗಬೇಕು, ಅದರ ಹಿಂದೆ ಕಾಲು. ಅದೂ ತೊಡೆಗೆ, ಕೆಳಗೆ. ಹಿಂದಕ್ಕೆ ವಾಲಿ ಏಟು ತಪ್ಪಿಸಿಕೊಳ್ಳುವ ಶೋಕಿ ಬಿಡಬೇಕು, ವಾಲಿದವನನ್ನು ತಳ್ಳುವುದು ಸುಲಭ. ನಮ್ಮ ದೊಡ್ಡ ಗ್ಲೌಸಿನ ಹಿಂದೆ ಮುಖ ಮುಚ್ಚಿಕೊಳ್ಳಬಹುದಿತ್ತು, ಆ ಆಟದ ಗ್ಲೌಸು ಬೆರಳು ಕಾಣುವಷ್ಟು ಸಣ್ಣದು, ಏಟು ಸಂದಿಯಿಂದ ಬರುತ್ತದೆ. ಎದುರಾಳಿ ಕಾಲು ಹಿಡಿಯಲು ಬಂದರೆ ನನ್ನ ಎರಡೂ ಕಾಲು ಹಿಂದಕ್ಕೆ ಎಸೆದು ಎದೆಯ ಭಾರವನ್ನು ಅವನ ಬೆನ್ನ ಮೇಲೆ ಹಾಕಬೇಕು. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಒಂದು ಸಾಲನ್ನೂ ಯಾರೂ ಖಂಡಿಸಲಾರರು ಎಂಬ ಖಾತ್ರಿ ನನಗಿತ್ತು.

ಎರಡು ತಿಂಗಳಲ್ಲಿ ಅದೆಲ್ಲ ಮೈಗೂ ಬಂತು. ಆದರೂ ಬೀಳುತ್ತಿದ್ದೆ. ತೊಡೆಗೆ ಒದೆ ಸರಿಯಾಗಿ ಕೂತಿರುತ್ತಿತ್ತು, ಗುದ್ದು ಗದ್ದಕ್ಕೆ ತಾಗಿರುತ್ತಿತ್ತು, ಮರುಕ್ಷಣ ನಾನು ಮಣ್ಣಿನಲ್ಲಿ. ಯಾಕೆಂದು ಪೈಲ್ವಾನನೇ ಕಂಡುಹಿಡಿದ. ಒಂದು ದಿನ ನನ್ನ ಎದೆಯ ಮೇಲೆ ಕೂತುಕೊಂಡೇ ಕೇಳಿದ.

"ಆಚಾರಿ, ಹೊಡದ ಮ್ಯಾಲ ಆಕಡಿ ಯಾರಿಗಿ ನೋಡ್ತಿ?"

ಯಾರನ್ನೂ ನೋಡುವುದಿಲ್ಲ ಎಂದೆ.

"ಸುಳ್ಳ ಹೇಳಬ್ಯಾಡ. ಪ್ರತಿ ಸಲ ಗ್ವಾಡಿ ಕಡಿ ಹೊಳ್ಳತಿ. ಅಲ್ಲಿ ಯಾವ ಸಾಹೇಬ ಕುಂತಾನ ನಿಂಗ ನಂಬರ್ ಕೊಡ್ಲಾಕ?"

ನನಗೆ ಬಂದ ಸಿಟ್ಟು ಅವನ ಮೇಲಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲ ಇತ್ತು, ಇದೊಂದಿರಲಿಲ್ಲ. ಚರ್ಚೆಯ ವೇದಿಕೆಯಲ್ಲೂ ನಾನು ಹಾಗೇ. ಒಂದು ಒಳ್ಳೆಯ ಮಾತು ಒಗೆದು ತೀರ್ಪುಗಾರರ ಸಾಲಿನ ಕಡೆ ಕಣ್ಣು ಹಾಯಿಸುವವನು. ಅಲ್ಲಿ ಅದು ನಡೆಯುತ್ತಿತ್ತು, ಎದುರು ಪಕ್ಷದವರು ನನ್ನ ಕಾಲು ಹಿಡಿಯುತ್ತಿರಲಿಲ್ಲ.

ಪೈಲ್ವಾನನ ಔಷಧ ಸರಳ. ಆಟದ ನಡುವೆ ಎಡಗೈ ಮುಷ್ಟಿಯಲ್ಲಿ ಮಣ್ಣು ಹಿಡಿದಿರುತ್ತಿದ್ದ. ನನ್ನ ಕತ್ತು ಗೋಡೆಯ ಕಡೆ ತಿರುಗಿದರೆ ಮಣ್ಣು ಮುಖಕ್ಕೆ. ಮೊದಲ ವಾರ ಕಿವಿಯೊಳಗಿಂದ ಅರಿಶಿನ ತೆಗೆಯುವುದೇ ಒಂದು ಕೆಲಸವಾಯಿತು. ಮೂರನೆಯ ವಾರ ಅವನ ಮುಷ್ಟಿಯ ಮಣ್ಣು ಅಲ್ಲೇ ಒಣಗಿತು. ಹೊಡೆದ ಮೇಲೆ ನನ್ನ ಕಣ್ಣು ಹೊಡೆಸಿಕೊಂಡವನ ಎದೆಯನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಆಯ್ಕೆಯ ದಿನ ಸೇಡಮ್ಮಿನ ಫಂಕ್ಷನ್ ಹಾಲಿಗೆ ಹೋದರೆ, ಗುಲ್ಬರ್ಗಾದಿಂದ ಬರಬೇಕಿದ್ದ ರೆಫರಿ ಬಂದಿಲ್ಲ. ಆ ಜಾಗಕ್ಕೆ ನಮ್ಮ ಸರ್ ಅವರನ್ನೇ ನಿಲ್ಲಿಸಿದ್ದರು. ನನ್ನ ಎದುರಾಳಿ ಕುಂಚಾವರಂ ಕಡೆಯ ಹುಡುಗ, ಕುಸ್ತಿ ಆಡಿದ ಮೈ. ಗುರು ರೆಫರಿಯಾದರೆ ನ್ಯಾಯ ಹೇಗೆಂದು ಅವನ ಕಡೆಯವರು ತೆಲುಗಿನಲ್ಲಿ ತಕರಾರು ತೆಗೆದರು. ಶಿಷ್ಯ ಇದ್ರೇನು, ನಾ ಯಾರಿಗೂ ಬಿಡಂಗಿಲ್ಲ ಎಂದು ಸರ್ ಎದೆ ತಟ್ಟಿಕೊಂಡರು. ನುಡಿದಂತೆ ನಡೆದರು.

ಆಟ ನೋಟ್‌ಬುಕ್ಕಿನ ಪ್ರಕಾರವೇ ಹೋಯಿತು. ಅವನು ಎರಡು ಸಲ ಕಾಲಿಗೆ ಬಂದ, ಎರಡು ಸಲವೂ ಅವನ ಬೆನ್ನ ಮೇಲೆ ಭಾರ ಹಾಕಿ ಬಿಡಿಸಿಕೊಂಡೆ. ಎಡಗೈ ತೋರಿಸಿ ತೊಡೆಗೆ ಒದ್ದೆ, ಮತ್ತೆ ಒದ್ದೆ. ಮೂರನೆಯ ಸಲ ಅವನು ತೊಡೆ ಕಾಯಲು ಬಗ್ಗಿದಾಗ ಬಲಗೈ ನೇರ ಹೋಯಿತು. ಧಪ್ಪೆಂದು ಕೂತ. ಕೂತವನು ನನ್ನ ಹಿಮ್ಮಡಿಗೆ ಕೈ ಹಾಕಿದ. ಅಂದರೆ ಆಟ ಮುಗಿದಿರಲಿಲ್ಲ. ನಾನು ಎಲ್ಲಿಯೂ ನೋಡಲಿಲ್ಲ, ಮೇಲೆ ಬಿದ್ದು ಎರಡು ಗುದ್ದಿದೆ. ಯಾರೋ ಹಿಂದಿನಿಂದ ಬನಿಯನ್ ಹಿಡಿದೆಳೆದರು. ಸರ್. ಹುಡುಗ ಕೂತ ಕೂಡಲೇ ಅವರು ಕೈ ಅಡ್ಡ ಹಿಡಿದು ನಿಲ್ಲು ಎಂದಿದ್ದರಂತೆ. ಥೇಟ್ ನಮ್ಮ ಗೋದಾಮಿನ ಹಾಗೆ.

ನಾನು ಸಂಘಟಕರ ಮೇಜಿನ ಮುಂದೆ ನಿಂತು ನಿಯಮದ ಹಾಳೆ ಕೇಳಿ ಪಡೆದು ಓದಿದೆ. ಬಿದ್ದ ಮೇಲೂ ಆಟ ನಡೆಯುತ್ತದೆ, ಶರಣಾದರೆ ಅಥವಾ ತನ್ನನ್ನು ಕಾಯ್ದುಕೊಳ್ಳಲಾಗದಿದ್ದರೆ ಮಾತ್ರ ನಿಲ್ಲಿಸಬೇಕು. ಅವನು ಶರಣಾಗಿರಲಿಲ್ಲ, ಕಾಲು ಹಿಡಿದಿದ್ದ. ಮೇಜಿನವರು ಒಪ್ಪಿದರು. ಒಪ್ಪಿ, ಅದೇ ಹಾಳೆಯ ಕೆಳಗಿನ ಸಾಲು ತೋರಿಸಿದರು: ರೆಫರಿ ನಿಲ್ಲು ಎಂದ ಮೇಲೆ ಹೊಡೆದವರು ಆಟದಿಂದ ಹೊರಗೆ. ನಿಲ್ಲಿಸಿದ್ದೇ ತಪ್ಪಲ್ಲವೇ ಎಂದೆ. ತಪ್ಪಾಗಿ ನಿಲ್ಲಿಸಿದ್ರೂ ನಿಲ್ಲಿಸಿದ್ದೇ ಅಲ್ರೀ ತಮ್ಮಾ, ಎಂದರು. ನನ್ನ ಜೀವನದ ಅತ್ಯುತ್ತಮ ವಾದವನ್ನು ಅರ್ಧ ಗಂಟೆ ಮಂಡಿಸಿದೆ. ಅಷ್ಟರಲ್ಲಿ ಹೈದರಾಬಾದಿನ ಪಟ್ಟಿಯಲ್ಲಿ ಕುಂಚಾವರಂ ಹುಡುಗನ ಹೆಸರು ಬರೆದಾಗಿತ್ತು. ಅವನು ತುಟಿಗೆ ಐಸ್ ಒತ್ತಿಕೊಂಡು ಬಂದು, ಪಾಪ, ನನ್ನ ಕೈ ಕುಲುಕಿದ.

ವಾಡಿ ಪ್ಯಾಸೆಂಜರಿನಲ್ಲಿ ಸರ್ ನನ್ನೆದುರಿನ ಸೀಟಿನಲ್ಲೇ ಕೂತರು. ಚಿತ್ತಾಪುರದ ತನಕ ಹೇಳಬೇಕಾದ್ದನ್ನೆಲ್ಲ ನಾನು ಜೋಡಿಸಿಟ್ಟುಕೊಂಡಿದ್ದೆ. ಮಳಖೇಡ ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು.

"ನೀ ಹೊಡದದ್ದು ಭಾಳ ಛಂದಿತ್ತು. ನಿಲ್ಲಸಬಾರದಿತ್ತು. ಖರೇ ಹೇಳ್ತೀನಿ, ಕೈ ತಾನಾಗೇ ಎದ್ದಿತು."

ಎದುರು ಪಕ್ಷ ಒಪ್ಪಿಕೊಂಡರೆ ಮುಂದೇನು ಮಾಡಬೇಕೆಂದು ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸುವುದಿಲ್ಲ. ಅಪ್ಪನಿಂದ ಸಿಗಬೇಕಿದ್ದ ಒಂದು ವರ್ಷ ಕೈತಪ್ಪಿ ಹೋಗಿತ್ತು, ಬೈಯಲು ಸಹ ಯಾರೂ ಸಿಗದ ಹಾಗೆ ಹೋಗಿತ್ತು.

ಮರುದಿನ ಅಪ್ಪ ಬಿ.ಎಡ್. ಅರ್ಜಿಯನ್ನು ಊಟದ ಮಣೆಯ ಪಕ್ಕ ಇಟ್ಟರು. ಮಾತು ಕೊಟ್ಟಿದ್ದೆ, ಬಾಯೆತ್ತದೆ ತುಂಬಿದೆ.

ಆ ಭಾನುವಾರ ಸರ್ ಹೇಳದೆ ಕೇಳದೆ ಚಿತ್ತಾಪುರದ ತಾಲೀಮಿಗೆ ಬಂದರು. ಪ್ಯಾಂಟು ಮಡಚಿಕೊಂಡು ಮಣ್ಣಿಗಿಳಿದು, ನೀವು ಆಡ್ರಿ, ನಾ ನಿಲ್ಲಸೂದು ಕಲೀತೀನಿ ಎಂದರು. ನಾನೂ ಪೈಲ್ವಾನನೂ ಶುರು ಮಾಡಿದೆವು. ಅವನ ತೊಡೆಗೆ ನನ್ನ ಮೊದಲ ಒದೆ ಬಿದ್ದದ್ದೇ ತಡ, ಸರ್ ಕೈ ಮೇಲೆದ್ದಿತು. ಪೈಲ್ವಾನ ನನ್ನ ಮುಖ ನೋಡಿದ. ಗುರುವಿನ ಮುಖಕ್ಕೆ ತಾನು ಮಣ್ಣು ಎಸೆಯಲಾರೆ ಎಂಬುದು ಅವನ ಮೋರೆಯ ಮೇಲೇ ಇತ್ತು.

ನಾನು ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದುಕೊಂಡೆ.