ಕೀ ಕೊಡದ ಮೇಸ್ತ್ರಿ

ಮೊನ್ನೆ ಮೈಸೂರಿನ ಸಿಗ್ನಲ್‌ನಲ್ಲಿ ಮುಂದೆ ನಿಂತಿದ್ದ ಲಾರಿಯಿಂದ ಸುಟ್ಟ ಬ್ರೇಕ್ ಲೈನರಿನ ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಡತಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ನಂಜನಗೂಡಿನ ಗಾಡಿ ರಿಪೇರಿ ಮೇಸ್ತ್ರಿಯ ತಗಡಿನ ಶೆಡ್ಡು ನೆನಪಾಯಿತು...

ಆ ಮನುಷ್ಯನಷ್ಟು ತಲೆ ತಿನ್ನುವವರನ್ನು ನಾನು ಕಂಡಿಲ್ಲ. ಬ್ರೇಕ್ ಸರಿಯಿಲ್ಲ ಎಂದು ಹೋದರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಮೊದಲು ನಮ್ಮನ್ನೇ ಕೂರಿಸಿ ಪೆಡಲ್ ಒತ್ತಿಸಿ, ಕಾಲಿಗೆ ಏನನ್ನಿಸಿತು ಎಂದು ಕೇಳುತ್ತಿದ್ದರು. ಸ್ಪಂಜಿನ ಹಾಗೆ ಮೆತ್ತಗಿದೆಯಾ, ಹಾಗಾದರೆ ಪೈಪಿನೊಳಗೆ ಗಾಳಿ ಸೇರಿದೆ. ಗಾಡಿ ಒಂದು ಕಡೆಗೆ ಎಳೆಯುತ್ತದೆಯಾ, ಒಂದು ಚಕ್ರ ಹಿಡಿಯುತ್ತಿದೆ, ಇನ್ನೊಂದು ಹಿಡಿಯುತ್ತಿಲ್ಲ. ಕಿರ್ ಎಂದರೆ ಲೈನರ್ ಸವೆದಿದೆ. ನಾನೇನು ಪರೀಕ್ಷೆ ಬರೆಯಲು ಬಂದಿದ್ದೇನೆಯೇ ಎಂದು ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ, ನಾವಾಗ ನಂಜನಗೂಡಿನಲ್ಲೇ ಇದ್ದೆವು. ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಸೀಮಂತ ಮುಗಿದು ಹೆಂಡತಿಯನ್ನು ಬನ್ನೂರಿನ ತವರಿಗೆ ಬಿಟ್ಟುಬರಬೇಕಿತ್ತು. ಶನಿವಾರ, ಒಂಬತ್ತಕ್ಕೆ ರಾಹುಕಾಲ; ಅಷ್ಟರೊಳಗೆ ಊರು ಬಿಡಬೇಕೆಂದು ಕರೆದೊಯ್ಯಲು ಬಂದಿದ್ದ ಅತ್ತೆಯ ಅಪ್ಪಣೆ. ಒಂದು ವಾರದಿಂದ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿತ್ತು. ಕಡಿಮೆಯಾದಾಗೆಲ್ಲ ನಾನೇ ತುಂಬಿ, ಸರಿಹೋಯಿತೆಂದು ಓಡಿಸುತ್ತಿದ್ದೆ. ಅವತ್ತು ಬಾಟಲಿ ಖಾಲಿ. ಒಂದಿಷ್ಟು ಹುಯ್ಯಿಸಿಕೊಂಡು ಹೊರಡೋಣವೆಂದು ಬೆಳಿಗ್ಗೆ ಎಂಟಕ್ಕೆ ಶೆಡ್ಡಿಗೆ ಹೋದೆ.

ಮೇಸ್ತ್ರಿ ಪೆಡಲ್ ಒತ್ತಿ ಹಿಡಿದುಕೊಳ್ಳಲು ಹೇಳಿದರು. ಹಿಡಿದೆ. ಅದು ನಿಧಾನವಾಗಿ ಕೆಳಗಿಳಿಯಿತು. ಕಾಲಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದೇ ಆ ಆಯಿಲ್, ಅದು ಸೋರಿದರೆ ಎಷ್ಟು ಒತ್ತಿದರೂ ದಂಡ ಎಂದು ಪಾಠ ಶುರುವಾಯಿತು. ನಾನು ಗಡಿಯಾರ ನೋಡುತ್ತಿದ್ದೆ. ಅವರು ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದರು. ಒಳಗೆ ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಹಿಂದಿನ ವಾರ ಹೆಡತಲೆ ಎಂಬ ಊರಿನ ದಾರಿಯಲ್ಲಿ, ಒಕ್ಕಣೆಗೆಂದು ರಸ್ತೆಗೆ ಹರಡಿದ್ದ ಹುರುಳಿಯ ಮೇಲೆ ಗಾಡಿ ಓಡಿಸಿದ್ದೆ. ಎಲ್ಲರೂ ಓಡಿಸುತ್ತಾರೆ. ಆ ಬಳ್ಳಿ ಉಜ್ಜಿ ಉಜ್ಜಿ ಬ್ರೇಕಿನ ರಬ್ಬರ್ ಪೈಪು ಸವೆದು ಆಯಿಲ್ ಜಿನುಗುತ್ತಿತ್ತು. ಹೊಸ ಪೈಪು ಮೈಸೂರಿನಿಂದ ಬರಬೇಕು...

ಆಯಿಲ್ ಹುಯ್ದು ಕೊಡಿ, ನಿಧಾನಕ್ಕೆ ಹೋಗುತ್ತೇನೆ ಎಂದೆ. ಬಸುರಿ ಹೆಂಡತಿಯನ್ನು ತವರಿಗೆ ಬಿಡಬೇಕೆಂದು ಬೇಡಿಕೊಂಡೆ. ಬಾಯಿಗೆ ಬಂದಂತೆ ಬೈದೆ. ಅವರು ಕೀ ಜೇಬಿಗೆ ಹಾಕಿಕೊಂಡರು.

“ಬೈಕಳಿ ಸಾ. ಬಸುರಿ ಎಂಗ್ಸುನ್ನ ಈ ಗಾಡೀಲಿ ಕೂರ್ಸಕ್ಕೆ ನಾ ಬುಡಕಿಲ್ಲ.”

ಮನೆಗೆ ನಡೆದು ಬರುವಷ್ಟರಲ್ಲಿ ರಾಹುಕಾಲ ಹಿಡಿದಿತ್ತು. ಅತ್ತೆ ಕೇಳಿದಾಗ, ಮೇಸ್ತ್ರಿ ಸೋಮಾರಿ, ಹೇಳಿದ ಹೊತ್ತಿಗೆ ಗಾಡಿ ಕೊಡಲಿಲ್ಲ ಎಂದುಬಿಟ್ಟೆ. ವಾರವಿಡೀ ಆ ಸೋರುವ ಗಾಡಿಯಲ್ಲೇ ಅವರ ಮಗಳನ್ನು ಸುತ್ತಾಡಿಸಿದ್ದೆನೆಂದು ಹೇಳಲು ನಾಲಿಗೆ ಹೊರಳಲಿಲ್ಲ. ತಾಯಿ ಮಗಳು ಮಧ್ಯಾಹ್ನ ಬಸ್ಸಿನಲ್ಲಿ ಹೋದರು. ಆಮೇಲೆ ಹೆರಿಗೆ ಕಷ್ಟವಾಗಿ ಆಪರೇಷನ್ ಆಯಿತು. ಮಗು ತಾಯಿ ಇಬ್ಬರೂ ಚೆನ್ನಾಗಿಯೇ ಇದ್ದರು. ಆದರೂ ಹೊತ್ತು ತಪ್ಪಿಸಿದ ಮೇಸ್ತ್ರಿಯೇ ಎಲ್ಲದಕ್ಕೂ ಕಾರಣವೆಂದು ಮನೆಯಲ್ಲಿ ತೀರ್ಮಾನವಾಯಿತು. ಹೆಂಡತಿಯಂತೂ ಹೊಲಿಗೆ ಹಾಕಿದ ಜಾಗ ನೋಯುವಾಗೆಲ್ಲ ಅವರಿಗೆ ಶಾಪ ಹಾಕುತ್ತಿದ್ದಳು. ನಾನು, ದರಿದ್ರದವನು, ಬಾಯಿ ಬಿಡಲಿಲ್ಲ. ಪೈಪು ಬದಲಾದ ಮೇಲೆ ಆ ಶೆಡ್ಡಿನ ಕಡೆ ತಲೆ ಹಾಕಲೂ ಇಲ್ಲ. ಅವರು ತೀರಿಹೋದ ಸುದ್ದಿ ಎಷ್ಟೋ ವರ್ಷಗಳ ಮೇಲೆ ಟಿ. ನರಸೀಪುರದ ಬಸ್ಸಿನಲ್ಲಿ ಯಾರದೋ ಮಾತಿನ ನಡುವೆ ಕಿವಿಗೆ ಬಿತ್ತು...

ಮೊನ್ನೆ ಸಿಗ್ನಲ್ ದಾಟಿದ ಮೇಲೆ ಎಲ್ಲವನ್ನೂ ಹೆಂಡತಿಗೆ ಹೇಳಿಬಿಟ್ಟೆ. ಹೋಗಿ ತಪ್ಪಾಯಿತು ಎನ್ನೋಣವೆಂದರೆ ಮೇಸ್ತ್ರಿಯೇ ಇಲ್ಲ. ಮನೆ ಮುಂದೆ ಕಾರಿನಿಂದ ಇಳಿಯುವಾಗ ಅವಳು ಕೇಳಿದಳು:

“ಇಷ್ಟ್ ವರ್ಷ ನನ್ ಬಾಯಲ್ಲಿ ಎಂಥೋರಿಗೆ ಶಾಪ ಹಾಕ್ಸ್‌ಬುಟ್ರಿ?”