ಮುರಿಗೆವ್ವ ವೈನಿಯ ಹದಿನೈದು ಗುಳಿಗೆ

ಬಿಜ್ಜರಗಿಯ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮುರಿಗೆವ್ವ ಇಪ್ಪತ್ತೆರಡು ವರ್ಷಗಳಿಂದ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಇದು ಅನ್ಯಾಯವೆಂದು ವಿಜಯಪುರದ ಮಹಿಳಾ ಸಂಘದಲ್ಲಿ ಮೂರು ಸಲ ಭಾಷಣ ಮಾಡಿದ್ದೇನೆ. ತವರಿಗೆ ಹೋದಾಗ ಮಾತ್ರ ಮೊದಲ ಪಂಕ್ತಿಯಲ್ಲೇ ಕೂಡುತ್ತೇನೆ.

ಈ ಸಲ ನಾನು ಹೋದಾಗ, ದ್ರಾಕ್ಷಿ ಗೊನೆ ಬಿಡಿಸುವಾಗ ಕತ್ತರಿ ತಾಗಿ ವೈನಿಯ ಎಡಗೈ ಹೆಬ್ಬೆರಳಲ್ಲಿ ಕೀವು ತುಂಬಿತ್ತು. ತಿಕೋಟಾದ ಡಾಕ್ಟರು ಅಮಾಕ್ಸಿಸಿಲಿನ್ ಬರೆದಿದ್ದರು: ದಿನಕ್ಕೆ ಮೂರರಂತೆ ಐದು ದಿನ, ಒಂದೂ ತಪ್ಪಿಸಬಾರದು.

ಗುಳಿಗೆ ಮನೆಗೆ ಬಂದದ್ದೇ ಎಲ್ಲರಿಗೂ ರೋಗ ಬಂತು. ಅಣ್ಣ ಅಮಸಿದ್ದನಿಗೆ ನೆಗಡಿ. ಅವ್ವನಿಗೆ ಮೊಣಕಾಲು ನೋವು: "ನನಗೂ ಕೊಡಬೇ, ಬಣ್ಣ ನೋಡಿದ್ರ ಭಾಳ ಜೋರ ಕಾಣತೈತಿ." ಕೆಮ್ಮುವ ಆಡಿನ ಮರಿಗೂ ಒಂದನ್ನು ಬಿಚ್ಚಿ ನೀರಿಗೆ ಹಾಕಿದರು. ಭಾಷಣದಿಂದ ಕೆಟ್ಟ ನನ್ನ ಗಂಟಲಿಗೆ ಮೂರು. ವೈನಿ ಎಲ್ಲರಿಗೂ ನೀರಿನ ಚರಿಗೆ ಸಮೇತ ಬಡಿಸಿದಳು. ಅವಳ ಪಾಲಿಗೆ ಉಳಿದದ್ದೂ ಮೂರೇ.

ನಾಲ್ಕನೆಯ ದಿನ ಕೈ ಮೊಣಕೈವರೆಗೆ ಬಾತಿತು. ವಿಜಯಪುರದ ಆಸ್ಪತ್ರೆಗೆ ಕರೆದೊಯ್ದೆವು.

"ಇನ್ನೆರಡು ದಿನ ತಡಾ ಆಗಿದ್ರ ಬೆರಳು ಉಳೀತಿದ್ದಿಲ್ಲ," ಎಂದರು ಅಲ್ಲಿನ ಡಾಕ್ಟರು. "ಗುಳಿಗಿ ಎಲ್ಲಾ ನುಂಗೀರೇನು?"

"ಎಲ್ಲಾ ಖಾಲಿ ಆಗ್ಯಾವ್ರಿ," ಎಂದಳು ವೈನಿ.

ನಾನೇ ಗುಳಿಗೆ ಪಂಕ್ತಿಯ ವಿವರ ಒಪ್ಪಿಸಿದೆ. ನನ್ನ ಮೂರನ್ನು ಎರಡೆಂದೆ.

"ನೆಗಡಿಗೂ ಮೊಣಕಾಲಿಗೂ ಇದೇನು ಮಾಡತೈತ್ರೀ? ಇದು ಪೆನ್ಸಿಲಿನ್ ಜಾತಿ ಔಷಧ. ದೊಡ್ಡವರಿಗೆ ಗುಳಿಗಿ, ಸಣ್ಣ ಹುಡುಗ್ರಿಗೆ ಸಿರಪ್, ನಿಮ್ಮಂಥಾ ಮನಿಯವರಿಗೆ ಸೂಜಿ!" ಎಂದು ಡಾಕ್ಟರು ಗದರಿದರು.

ನರ್ಸ್ ನಸ್ರೀನ ಮೊದಲು ವೈನಿಯ ಚರ್ಮದಡಿ ಒಂದು ಹನಿ ಔಷಧ ಚುಚ್ಚಿ, ದದ್ದು ಏಳುವುದೇನೋ ಎಂದು ಅರ್ಧ ತಾಸು ಕಾದಳು. ಏಳಲಿಲ್ಲ. ಆಮೇಲೆ ಆರು ತಾಸಿಗೊಮ್ಮೆ ನರಕ್ಕೆ.

"ಯಕ್ಕಾ, ಇದನ್ನ ಯಾರಿಗೂ ಹಂಚಾಕ ಬರೂದಿಲ್ಲಲ್ಲಾ?" ವೈನಿ ಕೇಳಿದಳು.

"ಹೆಂಗ ಹಂಚ್ತೀರಿ? ಸೀದಾ ನಿಮ್ಮ ರಕ್ತಕ್ಕ ಹೊಂಟೇತಿ."

ವೈನಿ ಕಣ್ಣುಮುಚ್ಚಿ ಹಾಯಾಗಿ ಮಲಗಿದಳು.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಬಾವು ಇಳಿದು ಹೆಬ್ಬೆರಳು ಮಡಚಿತು. ಮತ್ತೆ ಐದು ದಿನದ ಗುಳಿಗೆ ಕೊಟ್ಟು ಮನೆಗೆ ಹೋಗಬಹುದೆಂದರು. ಅಣ್ಣ ಫೋನಿನಲ್ಲಿ ಗೋಗರೆದ: "ಲಗೂನ ಬಾರಲೇ, ಅವ್ವಗ ಒಲಿ ಮುಂದ ಕೂಡಾಕ ಆಗವಲ್ದು." ಸಮಾನತೆಯ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವೈನಿಯೇ ಅಂದಳು:

"ಈ ಗುಳಿಗಿ ಮುಗಿಯೂತನಕ ನಾ ಬರೂದಿಲ್ರಿ. ಇಲ್ಲೇ ನಿಮ್ಮ ತಂಗಿ ಗೀತಾಂಜಲಿ ಮನ್ಯಾಗ ಇರತೇನಿ."

ನನಗೆ ಹೆಮ್ಮೆಯಾಯಿತು. ಹಿಂದೆಯೇ, ನಮ್ಮ ಮನೆಯಲ್ಲಿ ಅಡುಗೆ ಮಾಡುವ ತಾಯವ್ವ ಆ ವಾರ ರಜೆಯಲ್ಲಿದ್ದಾಳೆಂಬುದು ನೆನಪಾಯಿತು.

ಐದು ದಿನ ನಾನೇ ಹಿಟ್ಟು ನಾದಿದೆ. ವೈನಿ ಮೊದಲು ಉಂಡು, ಗುಳಿಗೆ ನುಂಗಿ, ಪ್ರೀತಿಯಿಂದ ಹೇಳುತ್ತಿದ್ದಳು: "ನಿಮ್ಮ ರೊಟ್ಟಿಗಿಂತ ಈ ಗುಳಿಗಿ ಸಲೀಸಾಗಿ ಇಳೀತೈತಿ ನೋಡ್ರೀ ಭಾಷಣದವ್ವಾ."